ಬೋಲ್ಡಾಭಾವ ಮೀಮಾಂಸೆ: ಬೋರನಕಣಿವೆ ಸೀಮೆಯ ಫ್ಲೆಕ್ಸ್ ಶಾಸ್ತ್ರಕ್ಕೊಂದು ಪೀಠಿಕೆ

ವಿನ್ಯಾಸ ತಂತ್ರಾಂಶದ ಫಾಂಟ್ ಪಟ್ಟಿಯಲ್ಲಿ ಇರಬೇಕಾದ ದಪ್ಪ, ತೆಳು, ಓರೆ ಮೊದಲಾದ ಅಕ್ಷರಭೇದಗಳು ಕಾಣದೆ ಹೋಗುವ ಸ್ಥಿತಿಯನ್ನು ಈ ಪ್ರಬಂಧದಲ್ಲಿ ‘ಬೋಲ್ಡಾಭಾವ’ ಎಂದು ಕರೆಯಲಾಗಿದೆ. ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರುಗಳ ಫ್ಲೆಕ್ಸ್ ಅಂಗಡಿಗಳಲ್ಲಿ ಈ ವ್ಯಾಧಿ ವರ್ಷವಿಡೀ ಇರುವುದಾದರೂ, ಸುವರ್ಣಮುಖಿಗೆ ಅಡ್ಡಲಾಗಿ 19ನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಬೋರನಕಣಿವೆ ಜಲಾಶಯ ಅಪರೂಪಕ್ಕೆ ತುಂಬಿ ಕೋಡಿ ಬಿದ್ದು, ಬಾಗಿನ ಅರ್ಪಿಸಲು ಗಣ್ಯರು ಬರುವರೆಂಬ ಸುದ್ದಿ ಹಬ್ಬಿದಾಗ ಅದು ಉಲ್ಬಣಿಸುತ್ತದೆ. ಸ್ವಾಗತ ಫಲಕದಲ್ಲಿ ಶಾಸಕರ ಹೆಸರು ಬೋಲ್ಡ್ ಆಗಿಯೂ, ಮಾಜಿ ಸದಸ್ಯರದ್ದು ಸೆಮಿಬೋಲ್ಡ್ ಆಗಿಯೂ, ‘ಸ್ವಾಗತ ಕೋರುವವರು’ ಎಂಬ ಸಾಲಿನ ಕೆಳಗಿನ ಯುವಮುಖಂಡರದ್ದು ರೆಗ್ಯುಲರ್ ಆಗಿಯೂ ಇರಬೇಕೆಂಬುದು ಶಿಷ್ಟಾಚಾರ. ಬೋಲ್ಡ್ ಸಿಗದಿದ್ದರೆ ಎಲ್ಲರೂ ಸರಿಸಮಾನರಾಗಿಬಿಡುತ್ತಾರೆ, ಮತ್ತು ಸಂವಿಧಾನ ಕೊಟ್ಟ ಸಮಾನತೆಯನ್ನು ಫ್ಲೆಕ್ಸಿನ ಮೇಲೆ ಸಹಿಸುವ ನಾಯಕ ಈ ಸೀಮೆಯಲ್ಲಿ ಇನ್ನೂ ಹುಟ್ಟಬೇಕಿದೆ.

‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ.ನಂ. ಶ್ರೀಕಂಠಯ್ಯನವರ ತೀರ್ಥಪುರ ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು. ಅಂಥ ನೆಲದಲ್ಲಿ ಬೋಲ್ಡಾಭಾವಕ್ಕೆ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡುವುದೊಂದೇ ಚಿಕಿತ್ಸೆಯೆಂದು ನಂಬಿಕೊಂಡು ಬಂದಿರುವುದು ಮೀಮಾಂಸೆಯ ಘನತೆಗೆ ತಕ್ಕುದಲ್ಲವಾದ್ದರಿಂದ ಪ್ರಸ್ತುತ ವಿಚಾರ ಅನಿವಾರ್ಯವಾಯಿತು.

ಪೂರ್ವಪಕ್ಷ, ಎಂದರೆ ಖಂಡಿಸುವುದಕ್ಕೆಂದೇ ಮೊದಲು ಮಂಡಿಸುವ ಎದುರಾಳಿಯ ವಾದ, ಹೀಗಿದೆ: “ಲಿಸ್ಟಲ್ಲಿ ಇಲ್ಲ ಅಂದ್ಮೇಲೆ ಇಲ್ಲ ಕಣಣ್ಣ.” ಆಪರೇಟರನ ಈ ಮಾತು ಮೇಲ್ನೋಟಕ್ಕೆ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಅನುಪಲಬ್ಧಿ ಪ್ರಮಾಣದಂತೆ, ಅಂದರೆ ಒಂದು ವಸ್ತು ಕಾಣದಿರುವುದರಿಂದಲೇ ಅದಿಲ್ಲವೆಂದು ತಿಳಿಯುವ ಕ್ರಮದಂತೆ, ತೋರುತ್ತದೆ. ಆದರೆ ಶಾಸ್ತ್ರಕಾರರು ಹೇಳಿದ್ದು ಯೋಗ್ಯಾನುಪಲಬ್ಧಿಯನ್ನು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದಿಲ್ಲವೆನ್ನಬಹುದು. ತಂತ್ರಾಂಶದ ಪಟ್ಟಿ ಇದ್ದದ್ದನ್ನೆಲ್ಲ ತೋರಿಸುವ ದೀಪವಲ್ಲ. ಫಾಂಟ್‌ಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡಿದ್ದನ್ನು ತನಗೆ ಅರ್ಥವಾದಷ್ಟು ಮಾತ್ರ ಅದು ತೋರಿಸುತ್ತದೆ. (2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನೇ ನಿಷೇಧಿಸಿದೆ, ಆ ನಿಷೇಧವೂ ಕಾಗದದಲ್ಲಿ ಸತ್, ರಸ್ತೆಬದಿಯಲ್ಲಿ ಅನುಪಲಬ್ಧ.)

ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಅಭಾವವು ನಾಲ್ಕು ಬಗೆ. ಮೊದಲನೆಯದಾದ ಪ್ರಾಗಭಾವವು, ಎಂದರೆ ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆಯು, ಹೆಚ್ಚು ವಿವರಣೆಯನ್ನು ಬೇಡುವುದಿಲ್ಲ: ಫಾಂಟನ್ನು ಜಿಪ್ ಕಡತದೊಳಗೇ ಬಿಟ್ಟಿರುವುದು, ಅಥವಾ ಅದನ್ನು ಹಾಕುವಾಗ ತಂತ್ರಾಂಶ ತೆರೆದೇ ಇದ್ದು ಹಳೆಯ ಪಟ್ಟಿಯನ್ನೇ ನೆನಪಿಟ್ಟುಕೊಂಡಿರುವುದು. ಇಲ್ಲಿ ಮಾತ್ರ ಆಫ್-ಆನ್ ಸಂಪ್ರದಾಯಕ್ಕೆ ಮಾನ್ಯತೆಯುಂಟು. ಇದರದೇ ಒಂದು ಉಪಭೇದ, ವಿಂಡೋಸ್ 10ರ 1809ನೆಯ ಆವೃತ್ತಿಯಿಂದ ಬಂದದ್ದು. ಅಂದಿನಿಂದ ಸುಮ್ಮನೆ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟ್ ಆ ಬಳಕೆದಾರನ ಖಾಸಗಿ ಫೋಲ್ಡರಿಗೆ ಹೋಗುವುದರಿಂದ, ಸಾರ್ವಜನಿಕ ಫೋಲ್ಡರನ್ನಷ್ಟೇ ನೋಡಿ ಗೊತ್ತಿರುವ ಹಳೆಯ ತಂತ್ರಾಂಶಕ್ಕೆ ಅದು ಕಾಣುವುದಿಲ್ಲ. ಬಲಗುಂಡಿ ಒತ್ತಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸುವುದೇ ಇದಕ್ಕೆ ಪ್ರಾಯಶ್ಚಿತ್ತ.

ಇದ್ದದ್ದು ನಾಶವಾಗಿ ಇಲ್ಲವಾಗುವುದು ಪ್ರಧ್ವಂಸಾಭಾವ. ಕಂಪ್ಯೂಟರಿಗೆ ಫಾರ್ಮ್ಯಾಟ್ ಹೊಡೆದದ್ದು ಇದರ ಒರಟು ನಿದರ್ಶನ. ಸೂಕ್ಷ್ಮ ನಿದರ್ಶನವೆಂದರೆ ಟೈಪ್ 1 ಎಂಬ ಹಳೆಯ ಬಗೆಯ ಫಾಂಟ್‌ಗಳದ್ದು. ಅಡೋಬಿಯ ತಂತ್ರಾಂಶಗಳು 2023ರ ಜನವರಿಯ ಹೊತ್ತಿಗೆ ಇವುಗಳ ಬೆಂಬಲವನ್ನು ಪೂರ್ತಿ ನಿಲ್ಲಿಸಿದವು. ಕಡತ ಡಿಸ್ಕಿನಲ್ಲಿ ಹಾಗೆಯೇ ಇದ್ದು, ಪಟ್ಟಿಯಲ್ಲಿ ಮಾತ್ರ ಇಲ್ಲವಾದ್ದರಿಂದ ಇದನ್ನು ಧ್ವಂಸವೆನ್ನಬೇಕೋ ಬಹಿಷ್ಕಾರವೆನ್ನಬೇಕೋ ಎಂಬ ಚರ್ಚೆಗೆ ಅವಕಾಶವಿದೆ.

ಈ ಸೀಮೆಯ ಬೋಲ್ಡಾಭಾವದ ಮರ್ಮವಿರುವುದು ಅನ್ಯೋನ್ಯಾಭಾವದಲ್ಲಿ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎಂಬಂತೆ ಒಂದು ಇನ್ನೊಂದಾಗಿಲ್ಲದಿರುವುದಕ್ಕೆ ಈ ಹೆಸರು. ಪ್ರತಿಯೊಂದು ಫಾಂಟ್ ಕಡತದೊಳಗೂ ಒಂದು ನಾಮಪಟ್ಟಿಯಿದ್ದು, ಅದರ 1ನೆಯ ನಮೂದಿನಲ್ಲಿ ಕುಟುಂಬದ ಹೆಸರೂ 2ನೆಯದರಲ್ಲಿ ಭೇದದ ಹೆಸರೂ ಇರುತ್ತವೆ. ಹಳೆಯ ವಿಂಡೋಸ್ ಪದ್ಧತಿಗೆ ರೆಗ್ಯುಲರ್, ಬೋಲ್ಡ್, ಇಟ್ಯಾಲಿಕ್, ಬೋಲ್ಡ್ ಇಟ್ಯಾಲಿಕ್ ಎಂಬ ನಾಲ್ಕೇ ಭೇದಗಳು ಗೊತ್ತು. ಹೀಗಿರಲು ನೋಟೋ ಸಾನ್ಸ್ ಕನ್ನಡದಂತೆ 100ರ ತೆಳುವಿನಿಂದ 900ರ ಅತಿದಪ್ಪದವರೆಗೆ ಒಂಬತ್ತು ಮಕ್ಕಳಿರುವ ಕುಟುಂಬವೇನು ಮಾಡಬೇಕು? ಖಾತೆಯಲ್ಲಿ ನಾಲ್ಕು ಜನಕ್ಕಷ್ಟೇ ಜಾಗವಿರುವ ತೆಂಗಿನ ತೋಟದಲ್ಲಿ ಉಳಿದವರು ಪಾಲು ತೆಗೆದುಕೊಂಡು ಬೇರೆ ಪಹಣಿ ಮಾಡಿಸಿಕೊಳ್ಳುವಂತೆ, ಸೆಮಿಬೋಲ್ಡ್ ಎಂಬವನು ‘ನೋಟೋ ಸಾನ್ಸ್ ಕನ್ನಡ ಸೆಮಿಬೋಲ್ಡ್’ ಎಂಬ ಪ್ರತ್ಯೇಕ ಕುಟುಂಬವನ್ನೇ ಘೋಷಿಸಿಕೊಂಡು, ಅದರೊಳಗೆ ತಾನು ರೆಗ್ಯುಲರ್ ಎಂದು ಬರೆಸಿಕೊಳ್ಳುತ್ತಾನೆ. ನಿಜವಾದ ವಂಶವೃಕ್ಷ 16 ಮತ್ತು 17ನೆಯ ನಮೂದುಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಓದಬಲ್ಲ ತಂತ್ರಾಂಶ ಒಂಬತ್ತನ್ನೂ ಒಂದೇ ಸೂರಿನಡಿ ತೋರಿಸುತ್ತದೆ, ಓದಲಾರದ್ದು ಚೆದುರಿಸುತ್ತದೆ. ಆದಕಾರಣ ಕಾಣೆಯಾದ ಭೇದವನ್ನು ಕುಟುಂಬದೊಳಗಲ್ಲ, ಅದರ ಹೊರಗೆ, ಪಟ್ಟಿಯಲ್ಲಿ ಇನ್ನೂ ಕೆಳಗೆ ಹುಡುಕಬೇಕೆಂಬುದು ಸಿದ್ಧಾಂತ. ಎರಡು ಕಡತಗಳು ಒಂದೇ ಹೆಸರನ್ನು ಹೇಳಿಕೊಂಡು, ಒಂದು ಮಾತ್ರ ಪಟ್ಟಿಗೆ ಬಂದು ಇನ್ನೊಂದು ಹೊರಗುಳಿಯುವ ವ್ಯಾಜ್ಯಗಳೂ ಇದೇ ನ್ಯಾಯಾಲಯಕ್ಕೆ ಸೇರಿದವು.

2016ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವೇರಿಯಬಲ್ ಫಾಂಟ್ ಪದ್ಧತಿ ವಿಷಯವನ್ನು ಅದ್ವೈತಕ್ಕೆ ಒಯ್ದಿತು. ಇದರಲ್ಲಿ ತೆಳುವಿನಿಂದ ದಪ್ಪದವರೆಗಿನ ಸಮಸ್ತವೂ ಒಂದೇ ಕಡತದಲ್ಲಿ ಲೀನವಾಗಿರುತ್ತದೆ. ಏಕ್ ಟೈಪ್‌ನವರ ‘ಅನೇಕ್ ಕನ್ನಡ’ ಫಾಂಟಿನಲ್ಲಿ ದಪ್ಪದ ಜೊತೆಗೆ ಅಗಲವೂ ಹೀಗೆಯೇ ಬದಲಾಗುತ್ತದೆ. ಹಳೆಯ ತಂತ್ರಾಂಶ ಈ ಬ್ರಹ್ಮವಸ್ತುವಿನ ಒಂದೇ ಒಂದು ಮುಖವನ್ನು ಕಂಡು, ಉಳಿದುದು ಮಿಥ್ಯೆಯೆಂದು ಸುಮ್ಮನಾಗುತ್ತದೆ. ಗೂಗಲ್ ಫಾಂಟ್ಸ್‌ನಿಂದ ಇಳಿಸಿಕೊಂಡ ಜಿಪ್‌ನಲ್ಲಿ ‘ಸ್ಟ್ಯಾಟಿಕ್’ ಎಂಬ ಫೋಲ್ಡರ್ ಇದ್ದು, ದ್ವೈತಿಗಳಿಗಾಗಿ ಪ್ರತಿ ಭೇದವನ್ನೂ ಬೇರೆ ಬೇರೆ ಕಡತವಾಗಿ ಅಲ್ಲಿ ಇಟ್ಟಿರುತ್ತಾರೆ. ಅದನ್ನು ತೆರೆದು ನೋಡುವ ತಾಳ್ಮೆ ಈ ಸೀಮೆಯಲ್ಲಿ ವಿರಳ.

ಇನ್ನುಳಿದ ಅತ್ಯಂತಾಭಾವವು ಮೂರು ಕಾಲದಲ್ಲಿಯೂ ಇಲ್ಲದಿರುವುದು. ಗುಬ್ಬಿ ಎಂಬ ಸುಂದರ ಮುಕ್ತ ಫಾಂಟ್ ಒಂದೇ ದಪ್ಪದಲ್ಲಿ ರಚಿತವಾದುದರಿಂದ ಅದರ ಬೋಲ್ಡನ್ನು ಹುಡುಕುವುದು ಮೊಲದ ಕೊಂಬನ್ನು ಹುಡುಕಿದಂತೆಯೇ ಸರಿ. ಹಾಗೆಂದು ಬೇರೆ ಫಾಂಟಿಗೆ ಹಾರುವುದೂ ಸುರಕ್ಷಿತವಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವಾದ್ದರಿಂದ, ಅವುಗಳಲ್ಲಿ ಬೆರಳಚ್ಚು ಮಾಡಿದ ಶಾಸಕರ ಹೆಸರಿಗೆ ಯುನಿಕೋಡ್ ಫಾಂಟಿನ ಬೋಲ್ಡನ್ನು ಹಚ್ಚಿದ ಕ್ಷಣವೇ ಆ ಹೆಸರು ಯಾವ ಭಾಷೆಗೂ ಸೇರದ ಮಂತ್ರಾಕ್ಷರವಾಗಿಬಿಡುತ್ತದೆ. ಪರಿವರ್ತಕದಲ್ಲಿ ಹಾಯಿಸಿದ ಮೇಲಷ್ಟೇ ಅದು ಮನುಷ್ಯರ ಹೆಸರಾಗುವುದು.

ಅತ್ಯಂತಾಭಾವವನ್ನು ಒಪ್ಪದವರ ಪಂಥವೂ ಒಂದುಂಟು. ಇವರು ಅಕ್ಷರಕ್ಕೆ ಅದರದೇ ಬಣ್ಣದ ಔಟ್‌ಲೈನ್ ಕೊಟ್ಟು ದಪ್ಪ ಮಾಡುತ್ತಾರೆ. ಲ್ಯಾಟಿನ್ ಲಿಪಿ ಇದನ್ನು ಒಂದಿಷ್ಟು ತಾಳಿಕೊಳ್ಳಬಹುದು. ಕನ್ನಡದಲ್ಲಿ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ, ‘ಥ’ದ ಹೊಟ್ಟೆಯ ಚುಕ್ಕೆ ಸುತ್ತಣ ಗೆರೆಯಲ್ಲಿ ಕರಗಿ ಅದು ‘ಧ’ ಆಗುತ್ತದೆ, ಜಾತ್ರೆಯ ಫಲಕದಲ್ಲಿ ರಥೋತ್ಸವವು ರಧೋತ್ಸವವಾಗಿ ಭಕ್ತರನ್ನು ಆಹ್ವಾನಿಸುತ್ತದೆ. ಬೋಲ್ಡ್ ಎಂಬುದು ಕೊಬ್ಬಿಸಿದ ರೆಗ್ಯುಲರ್ ಅಲ್ಲ, ಒಳಗಿನ ಖಾಲಿ ಜಾಗವನ್ನು ಉಳಿಸಿಕೊಂಡು ಹೊಸದಾಗಿ ಬರೆದ ಅಕ್ಷರ ಎಂಬುದನ್ನು ಈ ಪಂಥ ಇಂದಿಗೂ ಅಂಗೀಕರಿಸಿಲ್ಲ.

ಕಡತವನ್ನು ಮುದ್ರಣಕ್ಕೆ ತುಮಕೂರಿಗೆ ಕಳಿಸುವ ಮುನ್ನ ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ಸ್ ಮಾಡುವ ವಿಧಿಯನ್ನು ಇಲ್ಲಿ ಮೋಕ್ಷವೆಂದು ಪರಿಗಣಿಸಲಾಗಿದೆ: ನಾಮ ಅಳಿದು ರೂಪವಷ್ಟೇ ಉಳಿಯುವುದರಿಂದ ಅಲ್ಲಿ ಯಾವ ಫಾಂಟೂ ಕಾಣೆಯಾಗಲಾರದು. ಆದರೆ ಮುಕ್ತಿ ಪಡೆದ ಅಕ್ಷರಕ್ಕೆ ಪುನರ್ಜನ್ಮವಿಲ್ಲ. ಫಲಕ ಕಟ್ಟುವ ಹೊತ್ತಿಗೆ ಶಾಸಕರ ಹೆಸರಿನಲ್ಲೊಂದು ಒತ್ತು ಬಿಟ್ಟುಹೋಗಿರುವುದು ಗೊತ್ತಾದರೆ, ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಟ್ಟುಕೊಳ್ಳದ ಅಂಗಡಿಗೆ ಬಿಳಿ ಸ್ಟಿಕ್ಕರೂ ಮಾರ್ಕರ್ ಪೆನ್ನೂ ಗತಿ. ಮಾರ್ಕರಿನಲ್ಲಾದರೋ ಬೋಲ್ಡ್ ಬೇಕಾದಷ್ಟಿದೆ.