ಇಪ್ಪತ್ತೆಂಟು ಮೂಲೆಯ ವೃತ್ತ

ಟೆಕ್ಸಸ್ ನೇರ ಗೆರೆಗಳ ರಾಜ್ಯ. ನಕ್ಷೆಯಲ್ಲಿ ಅದರ ಉತ್ತರದ ತುದಿಯನ್ನು ಯಾರೋ ಸ್ಕೇಲು ಇಟ್ಟು ಎಳೆದಿದ್ದಾರೆ. ಡಲ್ಲಾಸ್‌ನಿಂದ ಹ್ಯೂಸ್ಟನ್‌ಗೆ ಹೋಗುವ ಐ-45 ಹೆದ್ದಾರಿಯಲ್ಲಿ ಸ್ಟೀರಿಂಗ್ ಇರುವುದೇ ಕೈ ಇಡಲು ಒಂದು ಜಾಗ ಬೇಕಲ್ಲ ಎಂದು. ಇಂಥ ಕಡೆ ನಮ್ಮ ಮನೆಯಾಕೆ, ಮಂಡಿನೋವಿನಲ್ಲಿ ಈ ಸಲ ನೆಲಕ್ಕೆ ಕೂತು ರಂಗೋಲಿ ಹಾಕಲಾರೆ, ದೀಪಾವಳಿಗೆ ಟಿವಿಯಲ್ಲೇ ಬರಲಿ, ನೀವೆಲ್ಲ ಕಂಪ್ಯೂಟರಿನವರಲ್ಲವೇ ಎಂದು ಅಪ್ಪಣೆ ಕೊಡಿಸಿದಳು. ನೀವೆಲ್ಲ ಅಂದರೆ ಹ್ಯೂಸ್ಟನ್ನಿನ ಭಾವ, ಆಸ್ಟಿನ್ ಪಕ್ಕದ ರೌಂಡ್ ರಾಕಿನಲ್ಲಿರುವ ಷಡ್ಡಕ, ಮತ್ತೆ ಇಲ್ಲಿ ಡಲ್ಲಾಸಿನಲ್ಲಿ ಏಳನೇ ಕ್ಲಾಸಿನ ನಮ್ಮ ಮಗಳು. ನಾನು ಟೆಸ್ಟಿಂಗಿನವನು. ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕುವುದಕ್ಕೇ ಸಂಬಳ. ಈ ಕೆಲಸಕ್ಕೆ ಅದೂ ಇರಲಿಲ್ಲ.

ಮೊದಲು ಮುಗಿಸಿದವಳು ಮಗಳು. ಪೈಥಾನ್ ಭಾಷೆಯೊಳಗೆ ಆಮೆಯೊಂದಿದೆ. ಹೇಳಿದಷ್ಟು ನಡೆಯುತ್ತದೆ, ಹೇಳಿದಷ್ಟು ತಿರುಗುತ್ತದೆ, ಹೋದಲ್ಲೆಲ್ಲ ಗೆರೆ ಬಿಡುತ್ತದೆ. 60 ಡಿಗ್ರಿಯ ಕಮಾನು, 120 ಡಿಗ್ರಿ ಎಡಕ್ಕೆ, ಮತ್ತೆ ಅಂಥದೇ ಕಮಾನು, ಮತ್ತೆ 120. ಒಂದು ಎಸಳು ಸಿದ್ಧ. ಆರು ಎಸಳಿಗೆ ಒಂದು ಹೂವು. ಈ ಆಮೆಯ ಮೂಲ 1967ರಲ್ಲಿ ಹುಟ್ಟಿದ ಲೋಗೋ ಎಂಬ ಭಾಷೆ. ಹುಟ್ಟಿದ್ದು ಬಾಸ್ಟನ್ ಕಡೆಯಾದರೂ 1980ರ ದಶಕದ ಆರಂಭದಲ್ಲಿ ಡಲ್ಲಾಸಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅದನ್ನು ತನ್ನ ಪುಟ್ಟ ಕಂಪ್ಯೂಟರಿಗೆ ಹಾಕಿ, ಇದೇ ಊರಿನ ಲ್ಯಾಂಪ್‌ಲೈಟರ್ ಶಾಲೆಯ ಮಕ್ಕಳ ಮುಂದಿಟ್ಟಿತು.

ಆಮೆಯ ವೃತ್ತ ಮಾತ್ರ ವೃತ್ತವಲ್ಲ. 100 ಅಳತೆಯ ತ್ರಿಜ್ಯ ಕೊಟ್ಟರೆ ಅದು ಎಳೆಯುವುದು 28 ನೇರ ಗೆರೆ. ಇನ್ನೂ ಎಷ್ಟೇ ದೊಡ್ಡದು ಕೇಳಿ, ತಾನಾಗಿ 60 ಗೆರೆ ದಾಟುವುದಿಲ್ಲ. ನಾನು ಟಿವಿಗೆ ಮೂಗು ತಾಗಿಸಿ ಮೂಲೆಗಳನ್ನು ಎಣಿಸಿ ತೋರಿಸಿದೆ. “ಅಪ್ಪಾ, ನೆಂಟರು ಸೋಫಾದಲ್ಲಿ ಕೂರ್ತಾರೆ, ಟಿವಿ ಮೇಲಲ್ಲ,” ಎಂದಳು. ಅದೇ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂತೆಂದು ಕಥೆಯಿದೆ. ಆ ಗಾಡಿಯ ಚಕ್ರಕ್ಕೆ 28 ಮೂಲೆ ಇರಲಿಲ್ಲವೆಂಬುದು ನಮ್ಮ ಪುಣ್ಯ. ಇದ್ದಿದ್ದರೆ ನಾವ್ಯಾರೂ ಡಲ್ಲಾಸ್ ತಲುಪುತ್ತಿರಲಿಲ್ಲ.

ಭಾವನಿಗೆ ವಹಿಸಿದ್ದು ಹಣತೆ. ಅವರು ಪೈಪ್‌ಲೈನ್ ಇಂಜಿನಿಯರು, ಸೂತ್ರವಿಲ್ಲದೆ ಕಾಫಿಯನ್ನೂ ಕುಡಿಯುವವರಲ್ಲ. ವಿಷುವಲ್ ಬೇಸಿಕ್‌ನಲ್ಲಿ ದೀರ್ಘವೃತ್ತದ ಕೆಳ ಅರ್ಧ ಎಳೆದರೆ ಹಣತೆ, ಅದರ ಮೇಲೆ ಸೈನ್ ಹಾಕಿ ಜ್ವಾಲೆ. ಪಿಯುಸಿಯಲ್ಲಿ ಕಲಿತಂತೆ 180ರಿಂದ 360 ಡಿಗ್ರಿವರೆಗೆ ಎಂದು ಬರೆದರು. ಕಾಗದದ ಮೇಲೆ ಎತ್ತರ ಮೇಲಕ್ಕೆ ಬೆಳೆಯುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಸೊನ್ನೆ ಇರುವುದು ಎಡಗಡೆಯ ಮೇಲಿನ ಮೂಲೆಯಲ್ಲಿ, ಎಣಿಕೆ ಕೆಳಕ್ಕಿಳಿಯುತ್ತದೆ. ಹಣತೆ ಬೋರಲು ಬಿತ್ತು. ವಿಡಿಯೊ ಕಾಲಿನಲ್ಲಿ ನೋಡಿದ ನಮ್ಮಾಕೆ, “ಅಣ್ಣಾ, ಹಬ್ಬದ ದಿನ ಎಣ್ಣೆಯೆಲ್ಲ ಚೆಲ್ಲಿದೆಯಲ್ಲೋ!” ಎಂದಳು.

ಜ್ವಾಲೆಯ ಪಾಡು ಇನ್ನೂ ಕಷ್ಟ. ಆ ಭಾಷೆಯಲ್ಲಿ ಕಮಾನಿಗೆ ಡಿಗ್ರಿ, ಸೈನಿಗೆ ರೇಡಿಯನ್. ಒಂದೇ ಮನೆ, ಎರಡು ಅಡುಗೆ. ಸೈನ್ 30 ಅಂದರೆ ಅರ್ಧ ಎಂದು ಭಾವ ಬಾಯಿಪಾಠ ಒಪ್ಪಿಸಿದರು. ಯಂತ್ರ ಮೈನಸ್ 0.988 ಎಂದಿತು. ಜ್ವಾಲೆ ಮುಳ್ಳುಹಂದಿಯಾಯಿತು.

ದೀರ್ಘವೃತ್ತದ ವಿಷಯದಲ್ಲಿ ಭಾವನಿಗಿಂತ ನನಗೆ ನಂಬಿಕೆ ಒಂಬತ್ತನೇ ಶತಮಾನದ ಮಹಾವೀರಾಚಾರ್ಯರ ಮೇಲೆ. ಅಮೋಘವರ್ಷ ನೃಪತುಂಗನ ಕಾಲದವರು. ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಅವರು ಈ ಆಕಾರವನ್ನು ಆಯತವೃತ್ತ ಎಂದು ಕರೆದು ಸುತ್ತಳತೆಗೆ ಲೆಕ್ಕ ಕೊಟ್ಟರು: ಅಗಲದ ವರ್ಗದ ಆರು ಪಟ್ಟಿಗೆ, ಉದ್ದದ ಎರಡು ಪಟ್ಟಿನ ವರ್ಗ ಕೂಡಿಸಿ, ವರ್ಗಮೂಲ ತೆಗೆ. ಅಂದಾಜಿನ ಲೆಕ್ಕ, ನಿಜ. ಆದರೆ ಸಾವಿರ ವರ್ಷ ಕಳೆದ ಮೇಲೆ, 1914ರಲ್ಲಿ, ರಾಮಾನುಜನ್ ಕೊಟ್ಟದ್ದೂ ಅಂದಾಜೇ, ಬಹಳ ಒಳ್ಳೆಯ ಅಂದಾಜು. ಭಾವನ ವಿಷುವಲ್ ಬೇಸಿಕ್ ಕೂಡ ದೀರ್ಘವೃತ್ತಕ್ಕೆ ಕೇಂದ್ರ ಯಾವುದೆಂದು ಕೇಳುವುದಿಲ್ಲ. ಉದ್ದ ಅಗಲ ಹೇಳಿ ಒಂದು ಆಯತ ಕೊಡಿ, ಒಳಗೆ ಕೂರಿಸಿಕೊಡುತ್ತೇನೆ ಎನ್ನುತ್ತದೆ. ಆಚಾರ್ಯರಿಗೆ ಇದರಲ್ಲಿ ತಕರಾರು ಇರುತ್ತಿರಲಿಲ್ಲ.

ಷಡ್ಡಕ ಚಿಪ್ ಕಂಪನಿಯವನು, ಮಿತಭಾಷಿ. ಅವನ ಪಾಲಿಗೆ ಬಂದದ್ದು ಬಳ್ಳಿ. ಅದಕ್ಕೆ ಅವನು ಹಿಡಿದದ್ದು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ, ಅದರ ಬೆಜಿಯೆ ವಕ್ರರೇಖೆ. ಎರಡು ತುದಿ, ಎರಡು ಹಿಡಿ. ಹಿಡಿಯ ಅಂಕಿ ಬದಲಿಸಿದರೆ ಗೆರೆ ಬಾಗುತ್ತದೆ. ಫ್ರಾನ್ಸಿನ ಕಾರು ಕಂಪನಿಗಳು ಕಾರಿನ ಮೈ ತಿದ್ದಲು ಹುಡುಕಿಕೊಂಡ ಉಪಾಯ. ಸಿಟ್ರೊಯೆನ್‌ನ ಕಾಸ್ಟೆಲ್ಜೊ 1959ರಲ್ಲೇ ಕಂಡುಕೊಂಡಿದ್ದರೂ ಕಂಪನಿ ಗುಟ್ಟಾಗಿಟ್ಟಿತು. ಹೆಸರು ಬಂದದ್ದು ರೆನೋದ ಬೆಜಿಯೆಗೆ. ಬಾಯಿ ಬಿಡದ ಕಂಪನಿಯ ಕಥೆ ಎಂದೋ ಏನೋ, ಷಡ್ಡಕ ಇದನ್ನು ಬಹಳ ಮೆಚ್ಚಿ ಹೇಳಿದ. ಇದರಿಂದಲೂ ಅಪ್ಪಟ ವೃತ್ತ ಬರುವುದಿಲ್ಲ. ನಾಲ್ಕು ತುಂಡು ಸೇರಿಸಿ, ಹಿಡಿಯನ್ನು ತ್ರಿಜ್ಯದ 0.5523 ಪಟ್ಟು ಇಟ್ಟರೆ, 100 ಪಿಕ್ಸೆಲ್ ತ್ರಿಜ್ಯಕ್ಕೆ ಒಂದು ಪಿಕ್ಸೆಲ್ಲಿನ ನೂರರಲ್ಲಿ ಮೂರು ಪಾಲಿನಷ್ಟು ತಪ್ಪುತ್ತದೆ. ಅಷ್ಟಕ್ಕೇ ಅವನಿಗೆ ನಿದ್ದೆ ಬರಲಿಲ್ಲ. ಬಳ್ಳಿಯ ಒಂದು ಸುರುಳಿಯನ್ನು ತಿದ್ದುತ್ತಲೇ ಇದ್ದ. ನರಕ ಚತುರ್ದಶಿ ಬಂತು, ಹೋಯಿತು, ಬಳ್ಳಿ ಬರಲಿಲ್ಲ.

ಕೊನೆಗೆ ಮಗಳ ಹೂವು, ಭಾವ ನೆಟ್ಟಗೆ ಮಾಡಿದ ಹಣತೆ, ಎರಡನ್ನೂ ಟಿವಿಗೆ ಏರಿಸಿದೆವು. ನಮ್ಮಾಕೆ ನೋಡಿ “ಪರವಾಗಿಲ್ಲ” ಎಂದಳು. ಅವಳ ನಿಘಂಟಿನಲ್ಲಿ ಅದು ಪದ್ಮಶ್ರೀಗೆ ಸಮ. ಊಟ ಮುಗಿಯುವ ಮೊದಲೇ ಯಾರೋ ರಿಮೋಟ್ ಒತ್ತಿ ಕ್ರಿಕೆಟ್ ಹಾಕಿದರು.

ನಿಮ್ಮ ಮನೆಯಲ್ಲೂ ಯಾರಾದರೂ ಕೋಡಿನಲ್ಲಿ ರಂಗೋಲಿ ಬರೆಯುತ್ತೇನೆಂದು ಹೊರಟರೆ ತಡೆಯಬೇಡಿ. ಡಿಗ್ರಿಯೋ ರೇಡಿಯನ್ನೋ ಎಂದು ಮೊದಲು ಕೇಳಿ, ಆಮೇಲೆ ರಿಮೋಟನ್ನು ಬಚ್ಚಿಡಿ.