ಚೊಗರುಶಾಸ್ತ್ರ ಪ್ರವೇಶಿಕೆ: ವಾರಾಂತ್ಯ ವಿಹಾರಕ್ಕೆ ಧರ್ಮಸಮ್ಮತ ಉಡುಪು

ಪೀಠಿಕೆ: ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೂಳೆಕೆರೆಯ ಏರಿಯ ಮೇಲೂ ಸಂತೇಬೆನ್ನೂರು ಪುಷ್ಕರಿಣಿಯ ಮೆಟ್ಟಿಲ ಮೇಲೂ ಫೋಟೊಕ್ಕೆ ನಿಲ್ಲುವವರು ಏನು ತೊಡತಕ್ಕದ್ದು ಎಂಬುದರ ಬಗ್ಗೆ ಪೂರ್ವಾಚಾರ್ಯರು ತುಟಿ ಬಿಚ್ಚಿಲ್ಲ. ಆ ಕೊರತೆ ನೀಗಲೆಂದು ಚನ್ನಗಿರಿಯ ಅಡಿಕೆ ಕಣದಲ್ಲಿ ಕೂತು ಈ ಶಾಸ್ತ್ರವನ್ನು ರಚಿಸಲಾಗಿದೆ. ಇದಕ್ಕೆ ಅಧಿಕಾರಿ ಕಾರುಳ್ಳವನು. ವಿಷಯ ಬಟ್ಟೆ. ಪ್ರಯೋಜನ ಲೈಕು. ಸಂಬಂಧ ಬಟ್ಟೆಗೂ ಆತ್ಮಸಾಕ್ಷಿಗೂ ಇರುವಂಥದು. ಸೋಮವಾರ ಬೆಳಗ್ಗೆ ತಾನಾಗಿ ಕಡಿದುಹೋಗುತ್ತದೆ.

ಸೂತ್ರ 1: ಬಣ್ಣವು ಗಿಡಮರದ್ದಾಗಿರಬೇಕು.

ಭಾಷ್ಯ: ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ಕಷಾಯ ಚೊಗರು. ಕೆಂಪಡಿಕೆಗೆ ಮೆರುಗು ಬರುವುದು ಇದರಿಂದಲೇ. ರಂಗಕರ್ಮಿ ಪ್ರಸನ್ನ 1996ರಲ್ಲಿ ಹೆಗ್ಗೋಡಿನ ಬಳಿ ಕಟ್ಟಿದ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಇದೇ ಚೊಗರಿನಲ್ಲಿ ನೂಲದ್ದಿ ಕೈಮಗ್ಗದ ಬಟ್ಟೆ ನೇಯುತ್ತ ಬಂದಿದೆ. ಚೊಗರಿನ ಟ್ಯಾನಿನ್ ಹತ್ತಿಯನ್ನು ಹಿಡಿದರೆ ಬಿಡದು. ಕಬ್ಬಿಣದ ಅಂಶ ತಾಗಿದರೆ ಕಪ್ಪಿಗೆ ತಿರುಗುತ್ತದೆ. ಆದ್ದರಿಂದ ವಿಹಾರಕ್ಕೆ ಚೊಗರಿನ ಕುರ್ತಾ ಉತ್ತಮೋತ್ತಮ.

ಪೂರ್ವಪಕ್ಷ: ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಹೆಂಗಸು ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟಿರುತ್ತಾಳೆ. ಅದರ ತೋಳೂ ಮಡಿಲೂ ಚೊಗರಿನ ಬಣ್ಣವೇ. ಬೆರಳಿಗೆ ಹತ್ತಿದ್ದು ಯುಗಾದಿವರೆಗೂ ಹೋಗುವುದಿಲ್ಲ. ಅವಳೂ ಫ್ಯಾಷನ್‌ಧರ್ಮಿಯೇ ಆಗಬೇಕಲ್ಲವೆ?

ಸಿದ್ಧಾಂತ: ಆಗಲಾರಳು. ಕಾಸು ಕೊಟ್ಟು ಹತ್ತಿಸಿಕೊಂಡದ್ದು ಬಣ್ಣ, ಕೂಲಿಗೆ ಕೂತು ಹತ್ತಿಸಿಕೊಂಡದ್ದು ಕಲೆ.

ಸೂತ್ರ 2: ಹಳೆಯದನ್ನು ಎಸೆಯಬಾರದು.

ಭಾಷ್ಯ: ಅಜ್ಜಿಯ ಸೀರೆ ಕತ್ತರಿಸಿ ಹೊಲಿಸಿದ ಜಾಕೆಟ್ಟು ಈಗ ಪರಮ ಪುಣ್ಯಕರ. ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಕೌದಿಗೆ, ಕೌದಿ ಹರಿದರೆ ದನದ ಕೊಟ್ಟಿಗೆಗೆ ಎಂಬ ಪರಂಪರೆಯವರಿಗೆ ಮಾತ್ರ ಈ ಪುಣ್ಯ ಲಭಿಸದು. ಅವರು ಅದಕ್ಕೆ ಹ್ಯಾಶ್‌ಟ್ಯಾಗ್ ಹಾಕಿರಲಿಲ್ಲ.

ಸೂತ್ರ 3: ಹೊಲಿದವರಾರೆಂದು ತಿಳಿದಿರಬೇಕು.

ಭಾಷ್ಯ: ಸೇವಾಲಾಲ್ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಬರುವ ಬಂಜಾರ ಅಜ್ಜಿಯ ಕಾಂಚಳಿಯಲ್ಲಿ ಕನ್ನಡಿ ಬಿಲ್ಲೆಗಳು ಥಳಥಳಿಸುತ್ತವೆ. ಹೊಲಿದವಳೂ ಅವಳೇ, ತೊಟ್ಟವಳೂ ಅವಳೇ. ಆದರೂ ಇದು ಪ್ರಮಾಣಕ್ಕೆ ನಿಲ್ಲದು. ಶಾಸ್ತ್ರಕ್ಕೆ ಜಿಎಸ್‌ಟಿ ಸಹಿತ ಬಿಲ್ಲು ಬೇಕು.

ಅಪವಾದ: ಉಡುಪೆಲ್ಲ ಸರಿಯಿದ್ದೂ ವಿಹಾರ ಕೆಡಬಹುದು. ಶಿವಾಜಿಯ ತಂದೆ ಶಹಾಜಿ 1664ರಲ್ಲಿ ಬೇಟೆಗೆ ಹೋಗಿ, ಕುದುರೆಯಿಂದ ಬಿದ್ದು ತೀರಿಕೊಂಡದ್ದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಬಳಿ. ಸಮಾಧಿಯೂ ಅಲ್ಲೇ ಇದೆ. ಫೋಟೊಕ್ಕೆಂದು ಏರಿಯ ತುದಿಗೆ ಹೋಗುವ ಮುನ್ನ ಅಲ್ಲಿಗೊಮ್ಮೆ ಹೋಗಿ ಕೈಮುಗಿಯುವುದು ಕ್ಷೇಮ.

ಪ್ರಾಯಶ್ಚಿತ್ತ ವಿಧಿ: ಭಾನುವಾರ ಊರಿಗೆ ಹೊರಡುವ ಮೊದಲು ತೊಟ್ಟ ಕುರ್ತಾದ ಬೆಲೆಯನ್ನು ಅಡಿಕೆ ಸುಲಿಯುವವಳ ಒಂದು ದಿನದ ಕೂಲಿಯಿಂದ ಭಾಗಿಸತಕ್ಕದ್ದು. ಬಂದ ಭಾಗಲಬ್ಧದಷ್ಟು ದಿನ ಆ ಕುರ್ತಾವನ್ನೇ ತೊಡಬೇಕು, ನಡುವೆ ಹೊಸದು ಕೊಳ್ಳಕೂಡದು. ಲೆಕ್ಕ ಬಾರದವರಿಗೆ ಸುಲಭ ಮಾರ್ಗವೂ ಉಂಟು. ಮನೆಯಲ್ಲಿರುವ ಹಳೇ ಬಿಳಿ ಅಂಗಿಯಲ್ಲೇ ಚನ್ನಗಿರಿಗೆ ಬಂದು ಕಣದಲ್ಲಿ ಒಂದು ಹೊತ್ತು ಸುಲಿಯಲು ಕೂತರೆ ಬಣ್ಣ ಪುಕ್ಕಟೆ, ಮೇಲೆ ಕೂಲಿ ಬೇರೆ.