ಅರ್ಜಿಯ ಕೊನೆಯ ಚೌಕವನ್ನು ನೀವೇ ತುಂಬಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,



ಕೆಲಸದ ಅರ್ಜಿಗಳನ್ನು ಓದಿ, ಯಾರನ್ನು ಸಂದರ್ಶನಕ್ಕೆ ಕರೆಯಬಹುದೆಂದು ಹೇಳುವವರಲ್ಲಿ ನಾನೂ ಒಬ್ಬ. ಈ ಪತ್ರಕ್ಕೆ ಕಾರಣ ನಿಮ್ಮ ಅರ್ಜಿಯ ಕೊನೆಯ ಪುಟದಲ್ಲಿರುವ ಒಂದು ಚೌಕ. ‘ನಿಮ್ಮ ಬಗ್ಗೆ ಬರೆಯಿರಿ, ಈ ಹುದ್ದೆಗೆ ನೀವು ಹೇಗೆ ಸೂಕ್ತ?’ ಎಂದು ಅಲ್ಲಿ ಕೇಳಿರುತ್ತಾರೆ. ಹೆಸರು, ವಿಳಾಸ, ಸೆಮಿಸ್ಟರ್‌ವಾರು ಅಂಕ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು, ಎಲ್ಲವನ್ನೂ ಒಂದಕ್ಷರ ತಪ್ಪದೆ ತುಂಬುವ ನೀವು ಆ ಚೌಕಕ್ಕೆ ಬಂದ ಕೂಡಲೇ ಪೆನ್ನು ಕೆಳಗಿಡುತ್ತೀರಿ. ಸೈಬರ್ ಸೆಂಟರಿನವರು ಹಾಕಿಕೊಟ್ಟ ಸಾಲುಗಳು ಅಲ್ಲಿ ಬಂದು ಕೂರುತ್ತವೆ: ‘ನಾನು ಶ್ರಮಜೀವಿ, ಪ್ರಾಮಾಣಿಕ, ತಂಡದಲ್ಲಿ ಹೊಂದಿಕೊಂಡು ಹೋಗುವವನು, ಹೊಸದನ್ನು ಕಲಿಯುವ ಹಂಬಲವುಳ್ಳವನು.’ ಜಗಳೂರಿನ ಅರ್ಜಿಯಲ್ಲೂ ಇದೇ, ನ್ಯಾಮತಿಯ ಅರ್ಜಿಯಲ್ಲೂ ಇದೇ. ಇತ್ತೀಚೆಗೆ ಈ ಕೆಲಸವನ್ನು ಚಾಟ್‌ಜಿಪಿಟಿ ಮಾಡಿಕೊಡುತ್ತಿದೆ. ಇಂಗ್ಲಿಷು ಚೊಕ್ಕವಾಗಿರುತ್ತದೆ, ಬರೆದವರು ಯಾರೆಂಬುದು ಮಾತ್ರ ಗೊತ್ತಾಗುವುದಿಲ್ಲ.

ನನಗೆ ಬೇಸರವಾಗುವುದು ಎಲ್ಲಿ ಎಂದರೆ, ಹೇಳಿಕೊಳ್ಳಲು ಬೇಕಾದಷ್ಟು ಇರುವ ನೀವೇ ಎಲ್ಲರಿಗಿಂತ ಕಡಿಮೆ ಹೇಳುತ್ತಿದ್ದೀರಿ. ಸಂದರ್ಶನಕ್ಕೆ ಬಂದು ಹತ್ತು ನಿಮಿಷ ಮಾತಾಡಿದ ಮೇಲೆ, ‘ಇದನ್ನೆಲ್ಲ ಅರ್ಜಿಯಲ್ಲಿ ಯಾಕೆ ಬರೆಯಲಿಲ್ಲ?’ ಎಂದು ಕೇಳಿದರೆ, ‘ಅದೆಲ್ಲ ಬರೀಬಹುದಾ ಸರ್?’ ಎನ್ನುತ್ತೀರಿ. ಬರೆಯಬಹುದು. ಬರೆಯಲೇಬೇಕು.

ಇದರಲ್ಲಿ ತಪ್ಪು ನಿಮ್ಮದಲ್ಲ. ನಮ್ಮ ಕಡೆ ಕೆಲಸ ಎಂದರೆ ಸರ್ಕಾರಿ ಕೆಲಸ, ಅರ್ಜಿ ಎಂದರೆ ಸರ್ಕಾರಿ ಅರ್ಜಿ ಎಂದೇ ಬೆಳೆದವರು ನಾವು. ಕೆಪಿಎಸ್‌ಸಿ, ಕೆಇಎ ಅರ್ಜಿಗಳು ಕೇಳುವುದು ವಿದ್ಯಾರ್ಹತೆ, ಮೀಸಲಾತಿ, ಗ್ರಾಮೀಣ ಅಭ್ಯರ್ಥಿಯೇ, ಕನ್ನಡ ಮಾಧ್ಯಮದಲ್ಲಿ ಓದಿದ್ದೀರಾ ಎಂಬಂಥ ವಿವರಗಳನ್ನು. ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೂ ಅಂಕ ಮತ್ತು ದಾಖಲೆಗಳೇ ಆಧಾರ. ಕೇಂದ್ರ ಸರ್ಕಾರವಂತೂ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಶಿಫಾರಸು, ಲಂಚಗಳಿಗೆ ಬಾಗಿಲು ಮುಚ್ಚುವ ಒಳ್ಳೆಯ ಕ್ರಮ ಅದು. ಆದರೆ ಅಂಕ, ದಾಖಲೆಗಳಷ್ಟೇ ಸಾಕಾದ್ದರಿಂದ ತನ್ನ ಬಗ್ಗೆ ಬರೆಯುವುದನ್ನು ಯಾರೂ ಕಲಿಸಲಿಲ್ಲ. ಒಂದನೇ ತರಗತಿಯಿಂದ ಡಿಗ್ರಿಯವರೆಗೆ ಪರಿಸರದ ಬಗ್ಗೆ, ರಾಷ್ಟ್ರೀಯ ಹಬ್ಬಗಳ ಬಗ್ಗೆ ಹತ್ತಾರು ಪ್ರಬಂಧ ಬರೆದ ಹುಡುಗಿ ತನ್ನ ಬಗ್ಗೆ ಒಂದು ಪುಟವನ್ನೂ ಬರೆಯದೆ ಕಾಲೇಜಿನಿಂದ ಹೊರಗೆ ಬರುತ್ತಾಳೆ.

ಹೊರಗೆ ಬಂದ ಮೇಲೆ ಎದುರಾಗುವ ಅರ್ಜಿಗಳೇ ಬೇರೆ. ಸ್ವಯಂಸೇವಾ ಸಂಸ್ಥೆಗಳು, ಖಾಸಗಿ ಶಾಲೆಗಳು, ಕಂಪನಿಗಳು ಬರಹ ಕೇಳುತ್ತವೆ. ಟೀಚ್ ಫಾರ್ ಇಂಡಿಯಾದಂಥ ಫೆಲೋಶಿಪ್ಪುಗಳಲ್ಲಿ ಅಂಕಪಟ್ಟಿಗಿಂತ ಆ ಬರಹಕ್ಕೇ ಹೆಚ್ಚು ಗಮನ. ಯುಪಿಎಸ್‌ಸಿ ಬರೆಯುವವರಿಗೂ ಇದರಿಂದ ಬಿಡುಗಡೆಯಿಲ್ಲ. ಅಲ್ಲಿ ತುಂಬುವ ವಿವರವಾದ ಅರ್ಜಿಯಲ್ಲಿ ಹವ್ಯಾಸ, ಬಹುಮಾನ, ವಹಿಸಿಕೊಂಡ ಜವಾಬ್ದಾರಿಗಳಿಗೆ ಜಾಗವಿದೆ. 275 ಅಂಕಗಳ ವ್ಯಕ್ತಿತ್ವ ಪರೀಕ್ಷೆಯಲ್ಲಿ ಮಂಡಳಿಯ ಪ್ರಶ್ನೆಗಳು ಎಷ್ಟೋ ಸಲ ಅಲ್ಲಿಂದಲೇ ಹುಟ್ಟುತ್ತವೆ.

ಕಲಿಸದೇ ಇದ್ದದ್ದು ಒಂದು ತೊಡಕಾದರೆ, ಸಂಕೋಚ ಇನ್ನೊಂದು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳಿಕೊಂಡೇ ಬೆಳೆದಿದ್ದೇವೆ. ನಮ್ಮನ್ನು ನಾವೇ ಹೊಗಳಿಕೊಳ್ಳುವುದು ಹಗುರಾದವರ ಲಕ್ಷಣ ಎಂದು ಮನೆಯಲ್ಲೂ ಮಠದಲ್ಲೂ ಹೇಳಿಕೊಟ್ಟಿದ್ದಾರೆ. ಆ ಸಂಸ್ಕಾರ ದೊಡ್ಡದು, ಅದನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ‘ನಾನು ಪ್ರಾಮಾಣಿಕ’ ಎಂದು ಬರೆಯುವುದೇ ನಿಜವಾದ ಸ್ವಪ್ರಶಂಸೆ. ‘ಸಂಘದ ಹಣದ ಲೆಕ್ಕವನ್ನು ಎರಡು ವರ್ಷ ನಾನು ಬರೆದೆ’ ಎಂಬುದು ನಡೆದ ಸಂಗತಿ. ಸಂಗತಿಯನ್ನು ಹೇಳುವುದರಲ್ಲಿ ಅಹಂಕಾರವಿಲ್ಲ. ಗುಣದ ಹೆಸರುಗಳನ್ನು ಬಿಟ್ಟು ಮಾಡಿದ ಕೆಲಸವನ್ನು ಬರೆಯಿರಿ. ಗುಣ ಯಾವುದೆಂದು ಓದುವವರು ತಾವೇ ಕಂಡುಕೊಳ್ಳುತ್ತಾರೆ.

‘ನಾನೇನು ಮಾಡಿದ್ದೇನೆ, ಎಲ್ಲೂ ಕೆಲಸಕ್ಕೆ ಹೋಗಿಲ್ಲವಲ್ಲ’ ಎನ್ನುತ್ತೀರಿ. ನಿಮ್ಮ ತಾಲ್ಲೂಕುಗಳನ್ನೇ ಒಮ್ಮೆ ನೋಡಿ.

ಚನ್ನಗಿರಿ ಅಡಿಕೆಯ ಸೀಮೆ. ಕೊಯ್ಲಿನ ದಿನಗಳಲ್ಲಿ ಕಾಲೇಜು ಮುಗಿಸಿ ಬಂದು ಅಡಿಕೆ ಸುಲಿಯಲು ಕೂತವರು ನಿಮ್ಮಲ್ಲಿ ಎಷ್ಟು ಜನ! ಯಾರು ಎಷ್ಟು ಸುಲಿದರು ಎಂದು ತೂಗಿ ಬರೆದು, ವಾರದ ಕೂಲಿ ಬಟವಾಡೆ ಮಾಡಿದವರೂ ಇದ್ದೀರಿ. ಹಂಡೆಯಲ್ಲಿ ಬೇಯಿಸಿ, ಹರವಿ, ಮೋಡ ಕಂಡ ಕೂಡಲೇ ಜನ ಸೇರಿಸಿ ರಾಶಿ ಒಳಗೆ ಹಾಕಿಸಿದವರಿದ್ದೀರಿ. ಕೂಲಿಯವರನ್ನು ಹೊಂದಿಸುವುದು, ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದು, ಮಾಲು ಕೆಡದಂತೆ ಕಾಯುವುದು, ಕಂಪನಿಯವರು ದೊಡ್ಡ ದೊಡ್ಡ ಹೆಸರಿಟ್ಟು ಹುಡುಕುವ ಅನುಭವ ಇದೇ.

ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದಾಗ ಬಾಲರಾಜ್ ಘಾಟ್‌ನಂಥ ತಗ್ಗು ಪ್ರದೇಶಕ್ಕೆ ನೀರು ನುಗ್ಗುತ್ತದೆ, ಕುಟುಂಬಗಳನ್ನು ಕಾಳಜಿ ಕೇಂದ್ರಕ್ಕೆ ಸಾಗಿಸಬೇಕಾಗುತ್ತದೆ. ಆ ರಾತ್ರಿಗಳಲ್ಲಿ ಮುದುಕರನ್ನು ಹೊತ್ತು ತಂದವರು, ಹಾಸಿಗೆ, ಹಾಲು, ಔಷಧಿಗೆ ಓಡಾಡಿದವರು ನಿಮ್ಮ ಓರಗೆಯವರೇ. ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯಲ್ಲಿ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪವಿದೆ. ಫೆಬ್ರವರಿಯ ಜಯಂತಿಗೆ ಹೊರರಾಜ್ಯಗಳಿಂದಲೂ ಬಂಜಾರ ಭಕ್ತರು ಬರುತ್ತಾರೆ, ಮಾಲೆ ಧರಿಸಿ ಕಾಲ್ನಡಿಗೆಯಲ್ಲಿ ಬರುವವರೂ ಇದ್ದಾರೆ. ಅಲ್ಲಿ ಊಟದ ಸಾಲು ನಿಭಾಯಿಸಿದ, ತಪ್ಪಿಸಿಕೊಂಡ ಮಕ್ಕಳನ್ನು ತಂದೆತಾಯಿಗೆ ಸೇರಿಸಿದ ತಾಂಡಾದ ಹುಡುಗ ಲಂಬಾಣಿ, ಕನ್ನಡ ಎರಡರಲ್ಲೂ ಮಾತಾಡಬಲ್ಲ. ಹಳ್ಳಿಗಳಲ್ಲಿ ಕೆಲಸ ಮಾಡುವ ಯಾವ ಸಂಸ್ಥೆಗೂ ಅದು ಬೇಕಾದ ಅರ್ಹತೆ. ಅವನ ಅರ್ಜಿಯಲ್ಲಿ ಮಾತ್ರ ‘ಗೊತ್ತಿರುವ ಭಾಷೆಗಳು’ ಎಂಬ ಕಾಲಂನಲ್ಲಿ ಲಂಬಾಣಿ ಇರುವುದಿಲ್ಲ.

ಜಗಳೂರು ಮಳೆಯನ್ನೇ ನಂಬಿದ ಸೀಮೆ. ಈರುಳ್ಳಿ ಲೋಡು ಯಶವಂತಪುರದ ಮಂಡಿಗೆ ಹೋಗಿ ಬಂದ ಮೇಲೆ ಚೀಟಿ ಹಿಡಿದು ಕೂರುವುದು ಮನೆಯಲ್ಲಿ ಓದಿದ ಮಗಳು. ಲಾರಿ ಬಾಡಿಗೆ ಎಷ್ಟು, ಹಮಾಲಿ ಎಷ್ಟು, ಚೀಲದ ಖರ್ಚೆಷ್ಟು, ಎಲ್ಲ ಕಳೆದು ಅಪ್ಪನ ಕೈಗೆ ಉಳಿದದ್ದೆಷ್ಟು ಎಂದು ಲೆಕ್ಕ ಹಾಕುವವಳು ಅವಳೇ. ಬಿ.ಕಾಂ. ಅಂಕಪಟ್ಟಿ ಹೇಳದಷ್ಟನ್ನು ಆ ಚೀಟಿ ಹೇಳುತ್ತದೆ. ಸಂಜೀವಿನಿ ಒಕ್ಕೂಟದಲ್ಲಿ ಪುಸ್ತಕ ಬರೆಯುವವರು, ಕೃಷಿ ಸಖಿ, ಪಶು ಸಖಿಯರಾಗಿ ದುಡಿದವರು, ನರೇಗಾ ಕಾಮಗಾರಿಯಲ್ಲಿ ಕಾಯಕ ಬಂಧುವಾಗಿ ಹಾಜರಾತಿ ಹಾಕಿದವರು, ಪಂಚಾಯ್ತಿಯ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಓದು ಹೇಳಿಕೊಟ್ಟವರು, ನೀವೆಲ್ಲ ‘ಅನುಭವ: ಇಲ್ಲ’ ಎಂದು ಬರೆಯುವುದನ್ನು ಇಂದೇ ನಿಲ್ಲಿಸಿ.

ಇನ್ನು ಬರೆಯುವ ಬಗೆ. ಮೊದಲು ಹುದ್ದೆಯ ಪ್ರಕಟಣೆಯನ್ನು ಎರಡು ಸಲ ಓದಿ, ಅವರು ಕೇಳಿದ್ದನ್ನು ಒಂದು ಹಾಳೆಯ ಎಡಗಡೆ ಬರೆದುಕೊಳ್ಳಿ: ಲೆಕ್ಕ ಇಡಲು ಬರಬೇಕು, ಹಳ್ಳಿಗಳಲ್ಲಿ ಓಡಾಡಬೇಕು, ಸಭೆ ನಡೆಸಬೇಕು. ಪ್ರತಿಯೊಂದರ ಬಲಗಡೆ, ಅದನ್ನು ನೀವು ಮಾಡಿದ ಒಂದು ಸಂದರ್ಭವನ್ನು ಬರೆಯಿರಿ. ಎಲ್ಲಿ, ಯಾವಾಗ, ತೊಂದರೆ ಏನಿತ್ತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟು ಇರಲಿ. ಲೆಕ್ಕ ಬರೆಯುವ ಹುದ್ದೆಗೆ ಅರ್ಜಿ ಹಾಕುವ ತಂಗಿಯೊಬ್ಬಳು ಹೀಗೆ ಬರೆಯಬಹುದು:

‘ನಮ್ಮೂರ ಸ್ತ್ರೀಶಕ್ತಿ ಸಂಘದಲ್ಲಿ ಹದಿನೈದು ಸದಸ್ಯರಿದ್ದಾರೆ. ಎರಡು ವರ್ಷ ಅದರ ಲೆಕ್ಕ ಬರೆದಿದ್ದೇನೆ. ವಾರದ ಉಳಿತಾಯ, ಸಾಲದ ಕಂತು, ಬಡ್ಡಿ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಹಾಕಿ, ಓದಲು ಬಾರದವರಿಗೆ ಪ್ರತಿ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಒಮ್ಮೆ ಬ್ಯಾಂಕಿನ ಪಾಸ್‌ಬುಕ್ಕಿಗೂ ನಮ್ಮ ಪುಸ್ತಕಕ್ಕೂ 600 ರೂಪಾಯಿ ವ್ಯತ್ಯಾಸ ಬಂತು. ಮೂರು ತಿಂಗಳ ರಸೀದಿಗಳನ್ನು ತೆಗೆದು ನೋಡಿದಾಗ ಒಂದು ಕಂತನ್ನು ಎರಡು ಸಲ ಬರೆದದ್ದು ಸಿಕ್ಕಿತು. ಅದನ್ನು ಸಭೆಯ ಮುಂದೆ ಹೇಳಿ ತಿದ್ದಿದೆವು.’

ಈ ಸಾಲುಗಳಲ್ಲಿ ‘ಪ್ರಾಮಾಣಿಕ’ ಎಂಬ ಮಾತಿಲ್ಲ, ‘ಶ್ರಮಜೀವಿ’ ಎಂಬ ಮಾತೂ ಇಲ್ಲ. ಆದರೆ ಓದಿದವರು ಆಕೆಯನ್ನು ಮರೆಯುವುದಿಲ್ಲ. ಇದನ್ನು ಸೈಬರ್ ಸೆಂಟರಿನವರು ಬರೆದುಕೊಡಲಾರರು, ಚಾಟ್‌ಜಿಪಿಟಿಯೂ ಬರೆಯಲಾರದು, ಏಕೆಂದರೆ ಆ ಸಭೆಯಲ್ಲಿ ಅವರು ಯಾರೂ ಇರಲಿಲ್ಲ. ಕಾಗುಣಿತ, ವ್ಯಾಕರಣ ತಿದ್ದಿಸಿಕೊಳ್ಳಲು ಅವರ ನೆರವು ಪಡೆಯಿರಿ, ಬದುಕನ್ನು ಮಾತ್ರ ಅವರಿಂದ ಬರೆಸಬೇಡಿ.

ಮನೆಯ ಕಷ್ಟವನ್ನು ಬರೆಯಬೇಕೇ ಎಂದು ಕೆಲವರು ಕೇಳುತ್ತಾರೆ. ಬರೆಯಿರಿ, ಆದರೆ ಕಷ್ಟದ ಹೆಸರಲ್ಲಿ ಕರುಣೆ ಬೇಡಬೇಡಿ. ‘ನಮ್ಮದು ಬಡ ಕುಟುಂಬ, ದಯವಿಟ್ಟು ಕೆಲಸ ಕೊಡಿ’ ಎಂದರೆ ಓದುವವರಿಗೆ ನಿಮ್ಮ ಶಕ್ತಿ ಕಾಣುವುದಿಲ್ಲ. ಅಪ್ಪನಿಗೆ ಹುಷಾರಿಲ್ಲದ ವರ್ಷ ತೋಟದ ಕೆಲಸ ನೋಡಿಕೊಂಡೇ ಪರೀಕ್ಷೆ ಬರೆದೆ ಎಂದರೆ ಕಾಣುತ್ತದೆ. ಮದುವೆ, ಬಾಣಂತನ, ಮನೆಯವರ ಕಾಯಿಲೆ ಎಂದು ನಡುವೆ ಕೆಲವು ವರ್ಷ ಬಿಟ್ಟುಹೋಗಿದ್ದರೆ ಮುಚ್ಚಿಡಬೇಡಿ, ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಮಾಡದ್ದನ್ನು ಮಾಡಿದೆ ಎಂದು ಬರೆಯಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ, ಆಮೇಲೆ ನಿಜವನ್ನೂ ಯಾರೂ ನಂಬುವುದಿಲ್ಲ.

ನಿಮ್ಮಲ್ಲಿ ಬಹಳ ಜನರನ್ನು ತಡೆಯುವುದು ಇಂಗ್ಲಿಷು. ಇದಕ್ಕೆ ನಿಮ್ಮ ನೆಲದವರೇ ಒಬ್ಬರು ದಾರಿ ತೋರಿದ್ದಾರೆ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಹೋದರು. ಕಾನೂನು ಓದಿದವರು, ಇಂಗ್ಲಿಷ್ ಬಲ್ಲವರು. ಆದರೂ ಆ ಸದನದಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಮುಂದೆ ಅವರೇ ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ನಿಮ್ಮ ದಾವಣಗೆರೆ ಜಿಲ್ಲೆ ಹುಟ್ಟಿತು. ದೇಶದ ಸಂಸತ್ತಿನಲ್ಲಿ ಸಲ್ಲುವ ಕನ್ನಡ ನಿಮ್ಮ ಅರ್ಜಿಯ ಕರಡಿಗೆ ಸಲ್ಲದೇ? ಮೊದಲು ಕನ್ನಡದಲ್ಲಿ ಪೂರ್ತಿ ಬರೆಯಿರಿ, ಮನೆಯವರಿಗೆ ಹೇಳುವ ಹಾಗೆ ಬರೆಯಿರಿ. ಅರ್ಜಿ ಇಂಗ್ಲಿಷಿನಲ್ಲೇ ಬೇಕೆಂದರೆ ಆಮೇಲೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ, ಕಾಲೇಜಿನ ಮೇಷ್ಟ್ರಿಗೆ ತೋರಿಸಿ. ಸರಳ ಇಂಗ್ಲಿಷಿನಲ್ಲಿ ಬರೆದ ನಿಜವಾದ ಸಂಗತಿಯನ್ನು ಯಾರೂ ಪಕ್ಕಕ್ಕಿಡುವುದಿಲ್ಲ.

ಅರ್ಜಿ ಕರೆಯುವ ನನ್ನ ಓರಗೆಯವರಿಗೂ ಇಲ್ಲೇ ಒಂದು ಮಾತು. ಕೆಲಸ ಮಾಡಬೇಕಾದದ್ದು ಜಗಳೂರಿನ ರೈತರ ಜೊತೆ, ನ್ಯಾಮತಿಯ ಮಹಿಳಾ ಸಂಘಗಳ ಜೊತೆ. ಅಲ್ಲಿ ಆಡುವುದು ಕನ್ನಡ. ಹಾಗಿರುವಾಗ ಐದುನೂರು ಪದಗಳ ಇಂಗ್ಲಿಷ್ ಪ್ರಬಂಧ ಯಾಕೆ ಕೇಳುತ್ತೀರಿ? ಕನ್ನಡದಲ್ಲಿ ಬರೆಯಲು ಅವಕಾಶ ಕೊಡಿ. ‘ನಿಮ್ಮ ಬಗ್ಗೆ ಬರೆಯಿರಿ’ ಎಂಬ ಗಾಳಿಯಂಥ ಪ್ರಶ್ನೆಯನ್ನೂ ಬಿಡಿ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ಪ್ರವೇಶ ನೋಡಿಕೊಳ್ಳುವ ಯುಕಾಸ್ ಸಂಸ್ಥೆ ಬಹುಕಾಲ 4,000 ಅಕ್ಷರಗಳ ಒಂದೇ ಉದ್ದನೆಯ ಬರಹ ಕೇಳುತ್ತಿತ್ತು. ಮನೆಯಲ್ಲೂ ಶಾಲೆಯಲ್ಲೂ ಹೇಳಿಕೊಡುವವರಿದ್ದ ಮಕ್ಕಳಿಗೆ ಅದು ಸುಲಭ, ಉಳಿದವರಿಗೆ ಕಷ್ಟ ಎಂಬ ದೂರಿತ್ತು. 2026ರಲ್ಲಿ ಕಾಲೇಜು ಸೇರುವವರಿಂದ ಅದನ್ನು ಬದಲಿಸಿ ಮೂರು ನೇರ ಪ್ರಶ್ನೆ ಮಾಡಿದೆ: ಈ ವಿಷಯ ಯಾಕೆ ಬೇಕು, ನಿಮ್ಮ ಓದು ಇದಕ್ಕೆ ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಇಂಗ್ಲಿಷೇ ಮನೆಮಾತಾದ ದೇಶಕ್ಕೇ ಇದು ಅಗತ್ಯ ಎನಿಸಿದರೆ ನಮಗೆ ಎನಿಸಬೇಡವೇ? ‘ಹಣದ ಲೆಕ್ಕ ನೋಡಿಕೊಂಡ ಒಂದು ಸಂದರ್ಭ ಬರೆಯಿರಿ’ ಎಂದು ಕೇಳಿ ನೋಡಿ, ಎಂಥ ಉತ್ತರಗಳು ಬರುತ್ತವೆ.

ಈ ನಾಲ್ಕೂ ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ಕೊನೆಯ ಸೆಮಿಸ್ಟರಿನಲ್ಲಿ ಒಂದೆರಡು ತರಗತಿಯನ್ನು ಇದಕ್ಕೆ ಕೊಡಿ. ಪ್ರತಿ ವಿದ್ಯಾರ್ಥಿಯೂ ತಾನು ಮಾಡಿದ ಒಂದು ಕೆಲಸದ ಬಗ್ಗೆ ಒಂದು ಪುಟ ಬರೆಯಲಿ. ನೀವು ಓದಿ, ‘ಇಲ್ಲಿ ಇನ್ನೂ ಸ್ವಲ್ಪ ಹೇಳು’ ಎನ್ನಿ. ಅಷ್ಟು ಸಾಕು.

ತಮ್ಮಂದಿರೇ, ತಂಗಿಯರೇ, ಚೆನ್ನಾಗಿ ಬರೆದ ಮಾತ್ರಕ್ಕೆ ಕೆಲಸ ಸಿಕ್ಕೇಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಹುದ್ದೆಗಳು ಕಡಿಮೆ, ಕೇಳುವವರು ಹೆಚ್ಚು. ಆದರೆ ನಿಮ್ಮನ್ನು ಕರೆಯದೇ ಬಿಡುವುದಾದರೆ ನೀವು ಯಾರೆಂದು ತಿಳಿದ ಮೇಲೆ ಬಿಡಲಿ, ತಿಳಿಯದೆ ಬಿಡುವುದು ಬೇಡ. ಮುಂದಿನ ಅರ್ಜಿ ಬರುವ ತನಕ ಕಾಯಬೇಡಿ. ಈ ವಾರವೇ ಒಂದು ಹಾಳೆ ತೆಗೆದುಕೊಂಡು, ನೀವು ಹೊಣೆ ಹೊತ್ತು ಮಾಡಿ ಮುಗಿಸಿದ ಒಂದು ಕೆಲಸವನ್ನು ಕನ್ನಡದಲ್ಲಿ ಬರೆದಿಡಿ.

ಇಂತಿ,
ನಿಮ್ಮ ಅರ್ಜಿಗಳನ್ನು ಓದುವವರಲ್ಲಿ ಒಬ್ಬ